ಕಾರಿನ ಏಸಿಗೆ ನಾನೇ ಗ್ಯಾಸ್ ತುಂಬಿದ್ದು

ಆಗಲಿಕ್ಕಿಲ್ಲ ಎಂದವರು ನಮ್ಮ ಸಂಜೀವ ಮಾವ. ಅಮ್ಮನ ಅಣ್ಣ. ಡೊಂಬಿವಲಿಯ ಒಂದು ಹೋಟೆಲಿನಲ್ಲಿ ಭಟ್ಟಿಯ ಮುಂದೆ ನಿಂತು ಮೂವತ್ತೆಂಟು ವರ್ಷ ಕಳೆದವರು. ನಾನು ಹತ್ತನೆಯದು ಪಾಸಾದ ದಿನ ಪೇಡೆಯ ಪೊಟ್ಟಣ ಹಿಡಿದು ಹೋಟೆಲಿನ ಹಿಂಬಾಗಿಲಿಗೆ ಓಡಿದ್ದೆ. ಮಾವ ಸೌಟು ಕೆಳಗಿಡಲಿಲ್ಲ, ಎಡಗೈಯಲ್ಲಿ ಒಂದು ಪೇಡೆ ಎತ್ತಿ ಬಾಯಿಗೆ ಹಾಕಿಕೊಂಡರು.

“ಪಾಸಾದ್ದು ಒಳ್ಳೆದಾಯ್ತು. ಇಷ್ಟು ಸಾಕು. ನಮ್ಮ ಕುಟುಂಬದಲ್ಲಿ ಡಿಗ್ರಿ ಎಲ್ಲ ಆಗ್ಲಿಕ್ಕಿಲ್ಲ ಮಾರಾಯ್ತಿ. ಗಂಡಸರಿಗೇ ಆಗ್ಲಿಲ್ಲ.”

ನಮ್ಮದು ತುಳು ಮಾತಾಡುವ ಮನೆ, ಮಾವ ಅಂದದ್ದೂ ತುಳುವಿನಲ್ಲೇ. ನಿಮಗೆ ತಿಳಿಯಲೆಂದು ನಮ್ಮ ಕಡೆಯ ಕನ್ನಡಕ್ಕೆ ಇಳಿಸಿದ್ದೇನೆ. ನಮ್ಮಲ್ಲಿ ಸೋದರಮಾವ ಅಂದರೆ ಮನೆಯ ಯಜಮಾನನಿದ್ದ ಹಾಗೆ. ಅಪ್ಪ ಎದುರಿಗೇ ಕೂತಿದ್ದರೂ ಕೊನೆಯ ಮಾತು ಮಾವನದ್ದು. ಹಾಗಾಗಿ ನಾನು ಅಲ್ಲಿಗೇ ನಿಂತೆ. ಟೈಪಿಂಗ್ ಕಲಿತೆ, ಮದುವೆಯಾದೆ, ಐರೋಲಿಗೆ ಬಂದೆ, ಮಗಳನ್ನು ಹೆತ್ತೆ, ವಾಶಿಯ ಒಂದು ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತೆ. ಮೂವತ್ತಮೂರನೆಯ ವಯಸ್ಸಿನಲ್ಲಿ, ಯಾರನ್ನೂ ಕೇಳದೆ, ಅಂಚೆ ಮೂಲಕ ಕಲಿಸುವ ಬಿ.ಎ. ತರಗತಿಗೆ ಹೆಸರು ಹಚ್ಚಿದೆ.

ಇದೆಲ್ಲ ಈಗ ನೆನಪಾದದ್ದು ಒಂದು ನೀಲಿ ಪೈಪಿನಿಂದ. ಮೊನ್ನೆ ಅಟ್ಟದ ಮೇಲಿನ ಸಾಮಾನು ಇಳಿಸುವಾಗ ಹಳೆಯ ಚಾದರಗಳ ನಡುವಿನಿಂದ ಅದು ಹಾವಿನ ಹಾಗೆ ಜಾರಿ ನನ್ನ ಹೆಗಲ ಮೇಲೆ ಬಿತ್ತು. ಮೊಳದುದ್ದದ ರಬ್ಬರ್ ಪೈಪು, ತುದಿಯಲ್ಲಿ ಗಡಿಯಾರದಂಥ ಒಂದು ಗೇಜು, ಗೇಜಿನೊಳಗೆ ಹಸಿರು, ಹಳದಿ, ಕೆಂಪು ಬಣ್ಣ. ಕಾರಿನ ಏಸಿಗೆ ಮನೆಯಲ್ಲೇ ಗ್ಯಾಸ್ ತುಂಬಿಕೊಳ್ಳುವ ಸಾಧನ. ಆಫೀಸಿನ ಗೆಳತಿಯ ತಮ್ಮ ದುಬೈಯಿಂದ ತಂದದ್ದು. ನನ್ನ ಜೀವನದಲ್ಲಿ ಅದನ್ನು ಒಂದೇ ಸಲ ಬಳಸಿದ್ದೇನೆ. ಆ ಒಂದು ಸಲದ ಕತೆ ಹೇಳುವುದಕ್ಕೆ ಮೊದಲು ನನ್ನ ಡಿಗ್ರಿಯ ಬಗ್ಗೆ ನಾಲ್ಕು ಮಾತು ಕೊಚ್ಚಿಕೊಳ್ಳುತ್ತೇನೆ, ತಡೆದುಕೊಳ್ಳಿ.

ಮೂರು ವರ್ಷದ ಬಿ.ಎ. ನನಗೆ ಏಳು ವರ್ಷ ಹಿಡಿಯಿತು. ಓದಿದ್ದೆಲ್ಲ ಐರೋಲಿಯಿಂದ ವಾಶಿಗೆ ಹೋಗುವ ಲೋಕಲಿನ ಹೆಂಗಸರ ಡಬ್ಬಿಯಲ್ಲಿ. ಒಬ್ಬಳು ಬಟಾಣಿ ಸುಲಿಯುತ್ತಿದ್ದಳು, ಒಬ್ಬಳು ಅಡುಗೆಗೆ ಮೆಂತ್ಯ ಸೋಸುತ್ತಿದ್ದಳು, ನಾನು ಅರ್ಥಶಾಸ್ತ್ರ ಸೋಸುತ್ತಿದ್ದೆ. ಸಂಖ್ಯಾಶಾಸ್ತ್ರದಲ್ಲಿ ಎರಡು ಸಲ ಡುಮ್ಕಿ. ಮೂರನೆಯ ಸಲ ಪಾಸಾದಾಗ ಬಟಾಣಿಯವಳು ನನ್ನ ಬಾಯಿಗೆ ಒಂದು ಹಿಡಿ ಹಸಿ ಬಟಾಣಿ ತುರುಕಿ “ಅಭಿನಂದನ್ ತಾಯಿ” ಅಂದಳು. ನನ್ನ ಕುಟುಂಬದಲ್ಲಿ ನನಗಿಂತ ಮೊದಲು ಯಾರೂ ಕಾಲೇಜಿನ ಗೇಟು ದಾಟಿರಲಿಲ್ಲ. ಇದನ್ನು ವಿನಯದಿಂದ ಹೇಳಲು ನನಗೆ ಬರುವುದಿಲ್ಲ. ಬಂದರೂ ಹೇಳುವುದಿಲ್ಲ.

ಪದವಿ ಪ್ರದಾನ ಕಲ್ಯಾಣದ ಒಂದು ಕಾಲೇಜಿನಲ್ಲಿ, ಏಪ್ರಿಲ್ ತಿಂಗಳ ಒಂದು ಭಾನುವಾರ, ಹನ್ನೊಂದಕ್ಕೆ ಎಂದು ಕಾಗದ ಬಂತು. ಬಂದ ಕೂಡಲೇ ನನಗೆ ಹೊಳೆದದ್ದು ಒಂದೇ: ಮಾವ ಬರಬೇಕು. ನನ್ನ ಹೆಸರು ಕರೆಯುವಾಗ ಅವರು ಅಲ್ಲಿ ಕೂತಿರಬೇಕು. ಸೇಡು ಎನ್ನುತ್ತೀರಾ? ಸ್ವಲ್ಪ ಸೇಡೇ. ಉಳಿದದ್ದು ಏನೆಂದು ಆಗ ಕೇಳಿದ್ದರೆ ಹೇಳಲು ಗೊತ್ತಾಗುತ್ತಿರಲಿಲ್ಲ.

ಹೋಟೆಲು ಬಿಟ್ಟ ಮೇಲೆ ಮಾವ ಐರೋಲಿಯ ನಮ್ಮ ಮನೆಯಲ್ಲೇ ಇದ್ದರು. ಆದರೆ ಅವರನ್ನು ಕರೆದೊಯ್ಯುವುದು ಸುಲಭವಿರಲಿಲ್ಲ. ಭಟ್ಟಿಯ ಹೊಗೆ ಅವರ ಶ್ವಾಸಕೋಶವನ್ನು ತಿಂದಿತ್ತು. ಹಿಂದಿನ ಬೇಸಿಗೆಯಲ್ಲಿ ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ, ರಿಕ್ಷಾದೊಳಗೆ, ಉಸಿರು ಸಿಗದೆ ನೀಲಿಗಟ್ಟಿದ್ದರು. ಧೂಳೂ ಬೇಡ, ಸೆಕೆಯೂ ಬೇಡ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಲೋಕಲಿನಲ್ಲಿ ಹೋಗೋಣವೆಂದರೆ ಠಾಣೆಯಲ್ಲಿ ಗಾಡಿ ಬದಲಿಸಬೇಕು, ಸೇತುವೆ ಹತ್ತಿ ಇಳಿಯಬೇಕು. ಏಸಿ ಇರುವ ಕೂಲ್ ಕ್ಯಾಬ್ ಇತ್ತಲ್ಲ ಎಂದು ನೀವು ಕೇಳುತ್ತೀರಿ. ಒಮ್ಮೆ ಹತ್ತಿಸಿದ್ದೆ. ಕ್ಯಾಬಿನವರು ಕನ್ನಡಿಗೆ ನೇತುಹಾಕುವ ಮಲ್ಲಿಗೆ ವಾಸನೆಯ ಡಬ್ಬಿ ಇದೆಯಲ್ಲ, ಅದಕ್ಕೇ ಮಾವನ ಕೆಮ್ಮು ಶುರುವಾಗಿ ವಾಶಿ ಸೇತುವೆಯ ಮೇಲೆ ಇಳಿಯಬೇಕಾಯಿತು. ಉಳಿದದ್ದು ನಮ್ಮ ಕಾರು, ಕಿಟಕಿ ಏರಿಸಿ, ಏಸಿ ಹಾಕಿ. ಆ ಏಸಿಯೋ, ಹೋಳಿ ಹಬ್ಬದ ಹೊತ್ತಿಗೇ ಬಿಸಿ ಗಾಳಿ ಊದತೊಡಗಿತ್ತು.

ಕೋಪರಖೈರಣೆಯ ಮಾರ್ಕೆಟಿನ ಹಿಂದೆ ತಗಡಿನ ಶೆಡ್ಡಿನಲ್ಲಿ ಕಾರಿನ ಏಸಿ ರಿಪೇರಿ ಮಾಡುವ ಬಸಣ್ಣ ಎಂಬವರಿದ್ದರು. ಬಯಲುಸೀಮೆಯ ಇಂಡಿ ಕಡೆಯವರು. ಕನ್ನಡದವರೆಂದು ತಿಳಿದು ನಾನು ಅಲ್ಲಿಗೇ ಹೋದೆ.

“ಗ್ಯಾಸ್ ತುಂಬಿ ಕೊಡಿ. ಭಾನುವಾರ ಬೇಕು.”

“ತುಂಬೂದೇನ್ರಿ, ಅರ್ಧಾ ತಾಸಿನ ಕೆಲ್ಸ,” ಬಸಣ್ಣ ಬಾನೆಟ್ಟಿನೊಳಗೆ ತಲೆ ಹಾಕಿದರು. “ಆದ್ರ ಇದ್ದ ಗ್ಯಾಸ್ ಎಲ್ಲಿ ಹೋತು? ಮೊದಲ ಅದನ್ನ ಹುಡುಕ್ಬೇಕು. ಗಾಡಿ ಎರಡ್ ದಿನ ಬಿಟ್ಟ ಹೋಗ್ರಿ ಅಕ್ಕಾರ.”

“ಹೋಗುವುದೆಲ್ಲಿಗೆ? ತುಂಬಿಸಿ ಮೂರು ವರ್ಷ ಆಯಿತಲ್ಲ, ಮುಗಿದಿದೆ ಅಷ್ಟೇ.”

“ಪೆಟ್ರೋಲ್ ಹಂಗ ಸುಟ್ಟು ಮುಗಿಯೂದಲ್ರೀ ಅದು. ಒಳಗ ಸುತ್ತು ಹೊಡಕೋತ ಇರ್ತದ. ಕಮ್ಮಿ ಆಗೇದಂದ್ರ ಎಲ್ಲೋ ತೂತ ಬಿದ್ದದ.”

“ಎರಡು ದಿನ ಆಗುವುದಿಲ್ಲ. ನನ್ನ ಹತ್ತಿರ ಗೇಜ್ ಉಂಟು. ನಾನೇ ತುಂಬಿಕೊಳ್ಳುತ್ತೇನೆ.”

ಬಸಣ್ಣ ತಲೆ ಹೊರಗೆ ತೆಗೆದು, ನನ್ನ ಸೀರೆ, ಹೆಗಲ ಚೀಲ, ಚಪ್ಪಲಿ ಎಲ್ಲವನ್ನೂ ಒಮ್ಮೆ ನೋಡಿ, ಮೆತ್ತಗೆ ಹೇಳಿದರು: “ನಿಮ್ ಕೈಲೆ ಆಗೂದಲ್ರೀ ಅಕ್ಕಾರ.”

ಅದೊಂದು ಮಾತು ಬೇಡವಾಗಿತ್ತು. ಏಳು ವರ್ಷ ಓದಿ ಬಂದವಳಿಗೆ, ಅದೂ ಕಾಗದ ಕೈಸೇರಿದ ವಾರ, ಆಗುವುದಿಲ್ಲ ಎನ್ನುವುದೇ? ಪಕ್ಕದ ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಎರಡು ಡಬ್ಬಿ ಗ್ಯಾಸ್ ಕೊಂಡೆ. ಅಂಗಡಿಯವನು “ಮೇಕ್ಯಾನಿಕ್ ಕೋಣ್ ಆಹೇ?”, ಮೆಕ್ಯಾನಿಕ್ ಯಾರು ಎಂದು ಕೇಳಿದ. “ಮೀಚ್,” ಅಂದೆ. ನಾನೇ.

ಶನಿವಾರ ಬೆಳಿಗ್ಗೆ ಎಂಟಕ್ಕೆ ನಮ್ಮ ಬಿಲ್ಡಿಂಗಿನ ಕೆಳಗಿನ ಪಾರ್ಕಿಂಗಿನಲ್ಲಿ ಬಾನೆಟ್ ಎತ್ತಿದೆ. ಗಂಡ ಆಫೀಸಿನ ಕೆಲಸಕ್ಕೆ ನಾಗಪುರಕ್ಕೆ ಹೋಗಿದ್ದರು. ಇದ್ದಿದ್ದರೆ ತಡೆಯುತ್ತಿದ್ದರು ಎಂಬುದೂ ನನ್ನ ಅವಸರಕ್ಕೆ ಒಂದು ಕಾರಣ. ಮಾವ, ಬೆಳಗಿನ ತಂಪಿನಲ್ಲಿ, ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕಾರಿನ ಮೂತಿಯ ಪಕ್ಕದಲ್ಲೇ ಕೂತರು. ಮಗಳು ಪ್ರಾಚಿ, ಹದಿನೇಳರವಳು, ಇಂಟರ್ನೆಟ್ಟಿನಿಂದ ಇಳಿಸಿದ ನಾಲ್ಕು ಹಾಳೆ ಹಿಡಿದು ನಿಂತಳು. ಅವಳಿಗೆ ಕನ್ನಡ, ತುಳು ಎರಡೂ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

ಎಂಜಿನ್ ಶುರು ಮಾಡಿದೆ. ಏಸಿ ಪೂರ್ತಿ ತಿರುಗಿಸಿದೆ. ನೀಲಿ ಪೈಪನ್ನು ಗ್ಯಾಸ್ ತುಂಬುವ ಬಾಯಿಗೆ ಸಿಕ್ಕಿಸಿದಾಗ ‘ಚಕ್’ ಎಂದು ಕೂತಿತು. ಆ ಸದ್ದಿಗೆ ನನಗೆ ಎಂಥ ಹೆಮ್ಮೆ! ಗೇಜಿನ ಮುಳ್ಳು ಎದ್ದು ನೇರ ಕೆಂಪಿಗೆ ಹೋಗಿ ನಿಂತಿತು.

“ಮಮ್ಮಿ, ರೆಡ್ ಮೇ ಹೈ,” ಪ್ರಾಚಿ ಹಾಳೆ ತಿರುವಿದಳು. “ರೆಡ್ ಮೇ ಮತ್ ಭರೋ ಲಿಖಾ ಹೈ.”

“ಕೆಂಪಿನಲ್ಲಿದ್ದರೆ ತುಂಬಬಾರದಾ? ಗ್ಯಾಸ್ ತುಂಬಿದ್ದರೆ ತಂಪು ಬರಬೇಕಿತ್ತಲ್ಲ? ಬರ್ತಿಲ್ಲ. ಅಂದರೆ ಗೇಜೇ ಸರಿ ಇಲ್ಲ.”

ನೋಡಿ, ಇದು ಪದವೀಧರೆಯ ತರ್ಕ. ಆ ಹೊತ್ತಿಗೆ ಒಳಗಿನ ಕಂಪ್ರೆಸರ್ ತಿರುಗುತ್ತಲೇ ಇರಲಿಲ್ಲ, ಅದು ತಿರುಗದಾಗ ಗೇಜು ಹೇಳುವುದೆಲ್ಲ ಅರ್ಥವಿಲ್ಲದ್ದು. ಇದು ನನಗೆ ಗೊತ್ತಾದದ್ದು ಆಮೇಲೆ. ಮೂರನೆಯ ಹಾಳೆಯಲ್ಲಿ ಬರೆದಿತ್ತಂತೆ. ನಾವು ಎರಡನೆಯದರಲ್ಲಿ ಇದ್ದೆವು.

ಡಬ್ಬಿಯ ತಿರುಪು ಬಿಚ್ಚಿದೆ. ಸುಯ್ ಎಂದಿತು. ಸ್ವಲ್ಪ ಹೊತ್ತಿನಲ್ಲಿ ಬಾನೆಟ್ಟಿನೊಳಗೆ ಟಕ್ ಎಂದು ಏನೋ ಹಿಡಿದುಕೊಂಡಿತು, ಬಿಟ್ಟಿತು, ಮತ್ತೆ ಹಿಡಿಯಿತು. ಅಷ್ಟರಲ್ಲಿ ಡಬ್ಬಿಯ ಮೈ ಬೆಳ್ಳಗೆ ಹಿಮ ಕಟ್ಟಿಕೊಂಡು ಬೆರಳಿಗೆ ಕಚ್ಚತೊಡಗಿತು. ಸುಯ್ ನಿಂತುಹೋಯಿತು. ಅಲ್ಲಾಡಿಸಿದರೆ ಒಳಗೆ ಇನ್ನೂ ಅರ್ಧ ಇದೆ, ಹೊರಗೆ ಮಾತ್ರ ಬರುತ್ತಿಲ್ಲ.

ಅಲ್ಲಿಯತನಕ ಸುಮ್ಮನಿದ್ದ ಮಾವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. “ಇಷ್ಟೇಯಾ? ಬಿಸಿನೀರು ತಾ.”

ಹೋಟೆಲಿನಲ್ಲಿ ಕೆಲಸ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಸಿಲಿಂಡರ್ ಸೋತರೆ, ಹೊಸದು ಬರುವ ತನಕ ಹಳೆಯದನ್ನು ಬಿಸಿನೀರಿನ ಟಬ್ಬಿನಲ್ಲಿ ಕೂರಿಸುತ್ತಾರೆ. ಆಮೇಲೆ ಅಡ್ಡ ಮಲಗಿಸುತ್ತಾರೆ. ಮಾಡಬಾರದು ಎಂದು ಸಿಲಿಂಡರಿನ ಮೈಮೇಲೇ ಬರೆದಿರುತ್ತದೆ, ಓದುವವರು ಯಾರು? ಸಣ್ಣವಳಿದ್ದಾಗ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ನಾನು ಅದನ್ನು ನೋಡುತ್ತಿದ್ದೆ. ಟಬ್ಬಿನಲ್ಲಿ ಕೂತ ಆ ಕೆಂಪು ಸಿಲಿಂಡರು ಎಣ್ಣೆಸ್ನಾನಕ್ಕೆ ಕೂತ ದಢೂತಿ ಹೆಂಗಸಿನ ಹಾಗೆ ಕಾಣುತ್ತಿತ್ತು. ಸತ್ತ ಬೆಂಕಿ ಮತ್ತೆ ನೀಲಿಯಾಗಿ ಏಳುತ್ತಿತ್ತು. ಆಗ ನನ್ನ ಕಣ್ಣಿಗೆ ಮಾವ ಮಂತ್ರವಾದಿ.

“ಹಾಳೆಯಲ್ಲಿ ಉಗುರುಬೆಚ್ಚಗಿನ ನೀರು ಅಂತ ಉಂಟು ಮಾವ.”

“ಉಗುರುಬೆಚ್ಚಗಿನ ನೀರಿನಲ್ಲಿ ತೊಟ್ಟಿಲ ಬಾಲೆಯನ್ನು ಮೀಯಿಸುದು. ಗ್ಯಾಸಿಗೆ ಕುದಿಯುವ ನೀರೇ ಬೇಕು. ನಾನು ಎಷ್ಟು ಸಿಲಿಂಡರ್ ಕಂಡಿದ್ದೇನೆ, ನಿನ್ನ ಹಾಳೆ ಎಷ್ಟು ಕಂಡಿದೆ?”

ಹೇಳಿದೆನಲ್ಲ, ನಮ್ಮಲ್ಲಿ ಕೊನೆಯ ಮಾತು ಮಾವನದ್ದು. ನಲವತ್ತರ ಹೊಸ್ತಿಲಲ್ಲಿ, ಕೈಗೆ ಡಿಗ್ರಿ ಬರುವ ಹಿಂದಿನ ದಿನ, ನಾನು ನಾಲ್ಕನೆಯ ಮಾಳಿಗೆಗೆ ಹೋಗಿ ಇಡ್ಲಿ ಪಾತ್ರೆಯಲ್ಲಿ ನೀರು ಕುದಿಸಿ ಲಿಫ್ಟಿನಲ್ಲಿ ಹೊತ್ತು ತಂದು ಮಾವನ ಕುರ್ಚಿಯ ಎದುರು ಸ್ಟೂಲಿನ ಮೇಲಿಟ್ಟೆ. ಮಾವ ಟವೆಲಿನಿಂದ ಡಬ್ಬಿ ಹಿಡಿದು, ಅದನ್ನು ತಲೆಕೆಳಗು ಮಾಡಿ, ಕುದಿಯುವ ನೀರಿಗೆ ಅದ್ದಿದರು. “ಬುಡ ಮೇಲೆ ಮಾಡಿದ್ರೆ ಕಡೆಯದ್ದೂ ಬರ್ತದೆ.”

ಬಂತು. ನೀಲಿ ಪೈಪು ಒಮ್ಮೆ ಮೈ ಕೊಡವಿತು. ಬಾನೆಟ್ಟಿನೊಳಗಿನಿಂದ ಕಟಕಟ ಎಂದು, ಕಲ್ಲು ಅಗಿದ ಹಲ್ಲಿನಂಥ ಸದ್ದು ಶುರುವಾಯಿತು. ಆಮೇಲೆ ಡಬ್ಬಿಯ ಬುಡ, ಒಳಕ್ಕೆ ತಗ್ಗಾಗಿದ್ದ ಬುಡ, ನಮ್ಮ ಮೂವರ ಕಣ್ಣೆದುರಿಗೇ ಟಪ್ ಎಂದು ಹೊರಕ್ಕೆ ಉಬ್ಬಿತು.

ಪ್ರಾಚಿಯ ಕೈಯಿಂದ ಹಾಳೆ ಬಿತ್ತು. “ಅಜ್ಜಾ, ಛೋಡೋ! ಛೋಡೋ ನಾ!”

“ಬಿಟ್ರೆ ಬೀಳ್ತದಲ್ಲ,” ಮಾವ ಅಂದರು. ಅವರ ದನಿ ಸಣ್ಣದಾಗಿತ್ತು. ಕೈ ಡಬ್ಬಿಯ ಮೇಲೆಯೇ ಇತ್ತು.

ಫೋನ್ ಹಚ್ಚಿದ್ದು ಬಸಣ್ಣನಿಗೆ. ಬೆರಳು ತಾನಾಗಿ ಆ ಹೆಸರಿಗೇ ಹೋಯಿತು. ನಾಚಿಕೆಗೆ ಪುರುಸೊತ್ತಿರಲಿಲ್ಲ. ಎರಡು ವಾಕ್ಯ ಹೇಳುವಷ್ಟರಲ್ಲಿ ಅವರು ತಡೆದರು.

“ಅಜ್ಜಾರ ಕೈ ಎಲ್ಲಿ ಅದ?”

“ಡಬ್ಬಿಯ ಮೇಲೆ.”

“ಬಿಡಂತ ಹೇಳ್ರಿ. ಎಳೀಬ್ಯಾಡ್ರಿ, ತಿರುವಬ್ಯಾಡ್ರಿ, ನೀರಿಂದ ಎತ್ತಬ್ಯಾಡ್ರಿ. ಹಂಗಽ ಬಿಟ್ಟು ಹಿಂದಕ್ಕ ಸರೀರಿ. ಎಂಜಿನ್ ಬಂದ್ ಮಾಡ್ರಿ. ಆಮ್ಯಾಲ ದೂರ ನಿಂತು ಪೈಪಿಲೆ ತಣ್ಣೀರ್ ಬಿಡ್ರಿ. ನಾ ಹೊಂಟೆ.”

ಮಾವ ಕೈ ಬಿಟ್ಟರು. ಡಬ್ಬಿ ಪಾತ್ರೆಯ ಅಂಚಿಗೆ ಒರಗಿ ನಿಂತಿತು. ಆದರೆ ಅವರಿಗೆ ಏಳಲು ಆಗಲಿಲ್ಲ. ಹೆದರಿಕೆಗೆ ಉಸಿರು ಸಿಕ್ಕಿಕೊಂಡು, ಎದೆ ಹಾರ್ಮೋನಿಯಂ ತಿದಿಯ ಹಾಗೆ ಏಳತೊಡಗಿತು. ಪ್ರಾಚಿ ಹಿಂದಿನಿಂದ ಹೋಗಿ, ಕುರ್ಚಿಯ ಬೆನ್ನು ಹಿಡಿದು, ಮಾವನ ಸಮೇತ ಕುರ್ಚಿಯನ್ನೇ ದರದರ ಎಳೆದುಕೊಂಡು ಹೋದಳು. ಕಂಬದ ಆಚೆ ಮುಟ್ಟುವ ತನಕ ನಿಲ್ಲಿಸಲಿಲ್ಲ. ಅವರ ಒಂದು ಚಪ್ಪಲಿ ಕಾರಿನ ಎದುರಿಗೇ ಉಳಿಯಿತು.

ಎಂಜಿನ್ನಿನ ಕೀಲಿ ಕಾರಿನೊಳಗಿತ್ತು. ಡಬ್ಬಿ ಇದ್ದದ್ದು ಡ್ರೈವರ್ ಬದಿಯಲ್ಲಿ. ನಾನು ಆಚೆ ಬದಿಯ ಬಾಗಿಲು ತೆರೆದು, ಸೀಟಿನ ಮೇಲೆ ಹೊಟ್ಟೆಯಡಿ ಮಲಗಿ, ಕೈ ಚಾಚಿ ಕೀಲಿ ತಿರುಗಿಸಿದೆ. ಕಟಕಟ ನಿಂತಿತು. ಆ ಮೌನದಲ್ಲಿ, ಸೀಟಿಗೆ ಕೆನ್ನೆ ಒತ್ತಿ ಮಲಗಿಕೊಂಡು, ನನಗೆ ಕೇಳಿದ್ದು ಪಾತ್ರೆಯ ಅಂಚಿಗೆ ಡಬ್ಬಿ ಸಣ್ಣಗೆ ತಾಗುವ ಟಿಣ್ ಟಿಣ್. ಎದ್ದು ಬರುವ ಧೈರ್ಯವಾಗಲಿಲ್ಲ. ಅಷ್ಟರಲ್ಲಿ ವಾಚ್‌ಮನ್ ಗಿಡಗಳಿಗೆ ನೀರು ಹಾಯಿಸುವ ಪೈಪನ್ನು ಎಳೆದುಕೊಂಡು ಬಂದು, ಕಂಬದ ಹಿಂದೆ ನಿಂತು, ಗಣಪತಿ ವಿಸರ್ಜನೆಯ ಹುರುಪಿನಲ್ಲಿ ನೀರು ಹಾರಿಸಿದ. ಕಾರು, ಪಾತ್ರೆ, ನಾನು, ಮೂವರೂ ತೊಯ್ದೆವು.

ಡಬ್ಬಿ ಒಡೆಯಲಿಲ್ಲ. ಉಬ್ಬಿದ ಬುಡ ಉಬ್ಬಿದಂತೆಯೇ ತಣ್ಣಗಾಯಿತು.

ಉಸಿರಿನ ಔಷಧಿಯ ಪಂಪನ್ನು ಎರಡು ಸಲ ಎಳೆದುಕೊಂಡ ಮೇಲೆ ಮಾವನಿಗೆ ಮಾತು ಬಂತು. “ಹೋಟೆಲಿನ ಸಿಲಿಂಡರ್ ಹೀಗೆ ಮಾಡುದಿಲ್ಲ ಮಾರಾಯ್ತಿ.”

“ಇದು ಹೋಟೆಲಿನ ಸಿಲಿಂಡರ್ ಅಲ್ಲ ಮಾವ.”

“ಹೌದಾ? ಮೊದಲೇ ಹೇಳ್ಬೇಕಲ್ಲ.”

ಬಸಣ್ಣ ಸ್ಕೂಟರಿನಲ್ಲಿ ಬಂದಿಳಿದರು. ಮುಂದುಗಡೆ ಗಾಳಿ ಹೀರುವ ಪಂಪು, ಹಿಂದೆ ಕಟ್ಟಿದ ಮೂರು ಸಣ್ಣ ಸಿಲಿಂಡರು. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅವರು ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ನೋಡಿ ಬದಿಗಿಟ್ಟರು. ಆಮೇಲೆ ಬಲಗೈಯ ಅಂಗಿತೋಳು ಮಡಚಿದರು. ಮಣಿಕಟ್ಟಿನಿಂದ ಮೊಳಕೈಯ ತನಕ ಚರ್ಮ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು.

“ನಾನೂ ಒಮ್ಮಿ ಬಿಸಿನೀರಾಗ ಇಟ್ಟಿದ್ದೆ ಅಕ್ಕಾರ. ಅದಕ್ಕಽ ಅಂದೆ, ನಿಮ್ ಕೈಲೆ ಆಗೂದಲ್ಲಂತ. ನನ್ ಕೈಲೇ ಆಗಿದ್ದಿಲ್ಲ.”

ನಾನು ಮೇಲೆ ಹೋಗಿ ಚಹಾ ಮಾಡಿ ತಂದೆ.

ಬಸಣ್ಣ ಮೊದಲು ಕಂಪ್ರೆಸರನ್ನು ಕೈಯಲ್ಲಿ ತಿರುಗಿಸಿ ನೋಡಿದರು. ತಿರುಗಿತು. ಒಳಗಿದ್ದ ಗ್ಯಾಸನ್ನೆಲ್ಲ ತಮ್ಮ ಖಾಲಿ ಸಿಲಿಂಡರಿಗೆ ಎಳೆದುಕೊಂಡರು. ಆಮೇಲೆ ಇನ್ನೊಂದು ಸಿಲಿಂಡರಿನಿಂದ ಬೇರೆ ಗಾಳಿ ಒತ್ತಿ ತುಂಬಿ, ಬಟ್ಟಲಿನಲ್ಲಿ ಸಾಬೂನು ಕಲಸಿ, ಬ್ರಶ್ಶಿನಿಂದ ಪೈಪುಗಳಿಗೆ ಹಚ್ಚತೊಡಗಿದರು. ಕಂಬದ ಆಚೆಯಿಂದ ಮಾವ ಕುತ್ತಿಗೆ ಉದ್ದ ಮಾಡಿದರು.

“ಆ ನೊರೆ ತೆಳು ಆಯ್ತು.”

“ಏನಂದ್ರಿ ಅಜ್ಜಾರ?”

“ತೆಳು ನೊರೆಯಲ್ಲಿ ಸಣ್ಣ ಲೀಕ್ ಕಾಣುದಿಲ್ಲ. ಗಟ್ಟಿ ಬೇಕು, ಮೊಸರಿನ ಹಾಗೆ. ದಿನಾ ಬೆಳಿಗ್ಗೆ ಎಂಟು ಸಿಲಿಂಡರಿಗೆ ಹಚ್ಚಿದವ ನಾನು. ಇಲ್ಲಿ ಕೊಡಿ.”

ಬಸಣ್ಣ ನನ್ನ ಮುಖ ನೋಡಿದರು. ನಾನು ಬೇಡ ಎನ್ನುವಷ್ಟರಲ್ಲಿ ಬಟ್ಟಲು ಮಾವನ ಕೈಗೆ ಹೋಗಿತ್ತು. ಅವರು ನೊರೆಯನ್ನು ಬೆರಳಿನಿಂದ ಕಡೆದು, ಕುರ್ಚಿಯನ್ನು ಮತ್ತೆ ಕಾರಿನ ಮೂತಿಗೆ ತರಿಸಿಕೊಂಡು, ಒಂದೊಂದು ಜೋಡಣೆಗೂ ನೊರೆಯ ಮುದ್ದೆ ಕೂರಿಸಿ ಕಾದರು. ಗಡಿಬಿಡಿ ಇಲ್ಲ. ಎಷ್ಟೋ ಹೊತ್ತಾದ ಮೇಲೆ ಬ್ರಶ್ಶಿನ ಹಿಡಿಯಿಂದ ತೋರಿಸಿದರು. ನಾನು ಬೆಳಿಗ್ಗೆ ‘ಚಕ್’ ಎಂದು ಪೈಪು ಸಿಕ್ಕಿಸಿದ ಅದೇ ಬಾಯಿಯಲ್ಲಿ, ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದು, ಒಡೆದು, ಮತ್ತೆ ಏಳುತ್ತಿತ್ತು.

“ಭಾಳ ಚಲೋ ಕಣ್ಣು ನಿಮ್ದು,” ಬಸಣ್ಣ ಅಂದರು. “ಹಿಂದ ಯಾರೋ ತುಂಬಿ, ಮುಚ್ಚಳ ಹಾಕದಽ ಬಿಟ್ಟಾರ. ಒಳಗಿನ ವಾಲ್ವ್ ಸವದದ. ಎರಡ್ ದಿನದ ಕೆಲ್ಸ ಅಜ್ಜಾರು ಒಂದ್ ತಾಸಿನ್ಯಾಗ ಮುಗಿಸಿದ್ರು.”

ಮಾವ ಬ್ರಶ್ಶನ್ನು ತೊಳೆದು, ಒರೆಸಿ, ಕೊಟ್ಟರು.

ವಾಲ್ವ್ ಬದಲಾಯಿತು. ಪಂಪು ಒಂದು ತಾಸು ಒಳಗಿನ ಗಾಳಿ, ತೇವ ಎಲ್ಲ ಹೀರಿತು. ಕೊನೆಗೆ ಬಸಣ್ಣ ಮೂರನೆಯ ಸಿಲಿಂಡರನ್ನು ಒಂದು ತಕ್ಕಡಿಯ ಮೇಲಿಟ್ಟು, ಇಷ್ಟೇ ಗ್ರಾಂ ಎಂದು ತೂಗಿ ಗ್ಯಾಸ್ ಬಿಟ್ಟರು. ಬಣ್ಣದ ಗೇಜಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಏಸಿಯ ಕಿಂಡಿಯಿಂದ ತಣ್ಣನೆಯ ಗಾಳಿ ಬಂದಾಗ ಪ್ರಾಚಿ ಕೂಗಿದಳು. ಬಸಣ್ಣ ಮಾತ್ರ ಕಿವಿ ಕೊಟ್ಟು ನಿಂತಿದ್ದರು.

“ಡಬ್ಬಿ ತಲೆಕೆಳಗ ಮಾಡಿದಾಗ ಕಂಪ್ರೆಸರ್ ನೀರಿನಂಥಾ ಗ್ಯಾಸ್ ನುಂಗೇದ. ಈಗೇನೋ ಓಡಾಕತ್ತದ. ನಾಳೆ ತಡೀತದಂತ ನಾ ಮಾತ ಕೊಡಂಗಿಲ್ಲ. ಕಟಕಟ ಅಂತಂದ್ರ ಏಸಿ ಬಂದ್ ಮಾಡ್ರಿ, ಇಲ್ಲಾಂದ್ರ ಹಾದ್ಯಾಗ ಗಾಡಿನೂ ನಿಂದರ್ತದ.”

ಮರುದಿನ ನಾನು ಕೇಳಿದ್ದು ಆ ಸದ್ದನ್ನೇ. ಅಂದರೆ, ಬಾರದ ಆ ಸದ್ದನ್ನು. ಮಹಾಪೆ ದಾಟುವ ತನಕ ಪರವಾಗಿಲ್ಲ. ಶಿಳ್‌ಫಾಟಾದ ಹತ್ತಿರ ಬಂದರೆ, ನಿಮಗೆ ಆ ರಸ್ತೆ ಗೊತ್ತಿದ್ದರೆ ಹೇಳಬೇಕಾಗಿಲ್ಲ, ಟ್ರಕ್ಕಿನ ಹಿಂದೆ ಟ್ರಕ್ಕು, ಟೆಂಪೋ, ಟ್ಯಾಂಕರು, ಭಾನುವಾರವಾದರೂ ಬಿಡುವಿಲ್ಲ. ಗಾಜಿನ ಹೊರಗೆ ಬೂದಿ ಬಣ್ಣದ ಧೂಳು. ಹಿಂದಿನ ಬೇಸಿಗೆ ಮಾವ ನೀಲಿಗಟ್ಟಿದ್ದು ಇಲ್ಲಿಯೇ. ಈಗ ಪಕ್ಕದ ಸೀಟಿನಲ್ಲಿ, ಬಿಳಿ ಅಂಗಿಯ ಕತ್ತಿನ ಗುಂಡಿ ಹಾಕಿಕೊಂಡು, ಕೈಗಳನ್ನು ಮೊಣಕಾಲ ಮೇಲಿಟ್ಟು ಕೂತಿದ್ದರು. ನಾನು ರೇಡಿಯೋ ಹಾಕಲಿಲ್ಲ. ಪ್ರಾಚಿಗೂ ಮಾತಾಡಬೇಡ ಎಂದಿದ್ದೆ.

ಕಾರು ನಿಂತಲ್ಲೇ ನಿಂತಿತು. ಹತ್ತು ನಿಮಿಷ, ಹದಿನೈದು. ಏಸಿಯ ಗಾಳಿ ತಂಪು ಕಳೆದುಕೊಳ್ಳುತ್ತ ಬಂತು. ಎಂಜಿನ್ನಿನ ಬಿಸಿಯ ಮುಳ್ಳು ಏರುತ್ತಿತ್ತು. ಮಾವನ ಉಸಿರಿನಲ್ಲಿ ಸಣ್ಣ ಸಿಳ್ಳೆ.

“ಮಮ್ಮಿ, ವಾಪಸ್ ಚಲೇಂ?” ಹಿಂದಿನಿಂದ ಪ್ರಾಚಿ.

ತಿರುಗಿಸಲೂ ಜಾಗವಿರಲಿಲ್ಲ. ನಾನು ಸ್ಟಿಯರಿಂಗನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಬಳೆಯ ಗುರುತು ಮಣಿಕಟ್ಟಿನ ಮೇಲೆ ಮೂಡಿತ್ತು. ಆ ಹೊತ್ತಿನಲ್ಲಿ ನನ್ನ ಡಿಗ್ರಿ ನನಗೆ ಬೇಕಾಗಿರಲಿಲ್ಲ, ನಿಜವಾಗಿ ಹೇಳುತ್ತೇನೆ. ಒಬ್ಬ ಮುದುಕರನ್ನು ಅವರ ಉಸಿರಿನ ಸಮೇತ ಮನೆಗೆ ಮುಟ್ಟಿಸಿದರೆ ಸಾಕಾಗಿತ್ತು. ಏನನ್ನು ತೋರಿಸಲು ಇವರನ್ನು ಇಲ್ಲಿಗೆ ಎಳೆದು ತಂದೆ?

ಎದುರಿನ ಟ್ಯಾಂಕರು ಒಮ್ಮೆ ಕೆಮ್ಮಿ ಮುಂದೆ ಹೋಯಿತು. ಅದರ ಬೆನ್ನಿಗೆ ನಾವು. ಕಾರು ಓಡತೊಡಗಿದ ಮೇಲೆ ಗಾಳಿ ಮತ್ತೆ ತಂಪಾಯಿತು. ಕಟಕಟ ಬರಲಿಲ್ಲ. ನಾನು ಬಸಣ್ಣನ ಊರಿನ ದೇವರು ಯಾವುದೋ, ಅದಕ್ಕೂ ಕೈ ಮುಗಿದೆ.

ಕಾಲೇಜು ಮುಟ್ಟಿದಾಗ ಹನ್ನೊಂದು ಕಾಲು. ಸಭಾಂಗಣ ಎರಡನೆಯ ಮಾಳಿಗೆಯಲ್ಲಿ. ಭಾನುವಾರ ಲಿಫ್ಟ್ ಬಂದ್. ಮಾವ ಕಾರಿನ ಗಾಜಿನೊಳಗಿನಿಂದಲೇ ಮೆಟ್ಟಿಲುಗಳನ್ನು ನೋಡಿದರು. ನಾನೂ ನೋಡಿದೆ. ಇಷ್ಟೆಲ್ಲ ಮಾಡಿ ಬಂದದ್ದು ಈ ಮೆಟ್ಟಿಲಿನ ಬುಡಕ್ಕೆ.

“ನೀನು ಹೋಗು,” ಮಾವ ಅಂದರು. “ನಾನು ಇಲ್ಲಿಯೇ ಇರ್ತೇನೆ. ಇಲ್ಲಿ ತಂಪುಂಟು.”

ಕಾರನ್ನು ಮರದ ನೆರಳಿನಲ್ಲಿ ನಿಲ್ಲಿಸಿ, ಎಂಜಿನ್ನೂ ಏಸಿಯೂ ನಡೆಯುವಂತೆಯೇ ಬಿಟ್ಟೆ. ಪ್ರಾಚಿಯನ್ನು ಪಕ್ಕದಲ್ಲಿ ಕೂರಿಸಿ, ಸದ್ದು ಬಂದರೆ ಯಾವ ಗುಂಡಿ ಒತ್ತಬೇಕು, ಯಾವ ಗಾಜು ಇಳಿಸಬೇಕು, ಔಷಧಿಯ ಪಂಪು ಎಲ್ಲಿದೆ, ಎಲ್ಲ ಎರಡೆರಡು ಸಲ ಹೇಳಿದೆ.

ಬಾಡಿಗೆಯ ಕಪ್ಪು ನಿಲುವಂಗಿ ನನಗೆ ಒಂದು ಗೇಣು ಉದ್ದವಾಗಿತ್ತು. ನನ್ನ ಸಾಲಿನಲ್ಲಿ ಇಪ್ಪತ್ತರ ಹುಡುಗಿಯರು ಫೋಟೋ ತೆಗೆದುಕೊಳ್ಳುತ್ತಿದ್ದರು. ನಾನು ಕಿಟಕಿಯ ಬದಿಗೆ ಸರಿದು ಸರಿದು ಕೆಳಗೆ ನೋಡುತ್ತಿದ್ದೆ. ಎಲೆಗಳ ನಡುವೆ ಕಾರಿನ ಮಾಡು ಒಂದು ತುಂಡು ಕಾಣುತ್ತಿತ್ತು, ಅಷ್ಟೇ. ಅದು ಓಡುತ್ತಿದೆಯೋ ನಿಂತಿದೆಯೋ ತಿಳಿಯುವುದು ಹೇಗೆ? ಏಳು ವರ್ಷ ಕಾದ ಹೆಸರನ್ನು ಮೈಕಿನಲ್ಲಿ ಕರೆದಾಗ ನನಗೆ ಕೇಳಲಿಲ್ಲ. ಹಿಂದಿನವಳು ಬೆನ್ನಿಗೆ ತಿವಿದಳು. ವೇದಿಕೆಯ ಮೇಲೆ ಯಾರು ಕೊಟ್ಟರು, ಏನು ಹೇಳಿದರು, ಇವತ್ತಿಗೂ ಗೊತ್ತಿಲ್ಲ. ಫೋಟೋದವನು ‘ಇಕಡೆ ಬಘಾ’, ಇತ್ತ ನೋಡಿ, ಎನ್ನುವಾಗ ನಾನಾಗಲೇ ಮೆಟ್ಟಿಲಿಳಿಯುತ್ತಿದ್ದೆ, ನಿಲುವಂಗಿಯನ್ನು ಸೀರೆಯ ಹಾಗೆ ಎತ್ತಿ ಹಿಡಿದುಕೊಂಡು.

ಕಾರಿನಲ್ಲಿ ಮಾವನ ತಲೆ ಹಿಂದಕ್ಕೆ ಒರಗಿತ್ತು. ಕಣ್ಣು ಮುಚ್ಚಿತ್ತು. ನಾನು ಬಾಗಿಲನ್ನು ತೆರೆದದ್ದಲ್ಲ, ಕಿತ್ತದ್ದು. ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಪ್ರಾಚಿ ತುಟಿಯ ಮೇಲೆ ಬೆರಳಿಟ್ಟು ಪಿಸುಗುಟ್ಟಿದಳು: “ಸೋ ಗಯೇ.” ನಿದ್ದೆ. ಬರೀ ನಿದ್ದೆ.

ಬಾಗಿಲಿನ ಸದ್ದಿಗೆ ಮಾವ ಕಣ್ಣು ಬಿಟ್ಟರು. ನನ್ನ ಕಪ್ಪು ವೇಷವನ್ನು ಮೇಲಿಂದ ಕೆಳಗೆ ನೋಡಿದರು. ಪ್ರಾಚಿಯನ್ನು ಹಿಂದಕ್ಕೆ ಕಳಿಸಿ, ನಾನು ಡ್ರೈವರ್ ಸೀಟಿನಲ್ಲಿ ಕೂತು, ಫೈಲಿನಿಂದ ಸರ್ಟಿಫಿಕೇಟು ತೆಗೆದು, ಅವರ ಎರಡೂ ಕೈಗಳ ಮೇಲಿಟ್ಟೆ.

ಮಾವ ಕನ್ನಡಕ ಹಾಕಿಕೊಂಡರು. ಅವರಿಗೆ ಇಂಗ್ಲಿಷ್ ಬಾರದು. ಆದರೆ ಸರ್ಟಿಫಿಕೇಟಿನ ಅರ್ಧ ಮರಾಠಿಯಲ್ಲಿತ್ತು, ಮತ್ತು ನಲವತ್ತು ವರ್ಷ ಸ್ಟೇಷನ್ನಿನ ಬೋರ್ಡು ಓದಿದವರಿಗೆ ಆ ಅಕ್ಷರ ಬರುತ್ತದೆ. ಬೆರಳಿಟ್ಟು, ಗಾಡಿ ನಿಧಾನವಾದಾಗ ಊರಿನ ಹೆಸರು ಓದುವವರ ಹಾಗೆ, ಒಂದೊಂದೇ ಅಕ್ಷರ ಓದಿದರು. ನನ್ನ ಹೆಸರು ಓದಿದರು. ಅದರ ಕೆಳಗಿನ ಸಾಲಿನಲ್ಲಿ ತಾಯಿಯ ಹೆಸರು ಹಾಕುವುದು ಇಲ್ಲಿಯ ಪದ್ಧತಿ.

“ಸುಂ... ದ... ರಿ.”

ಅವರ ತಂಗಿ. ನನ್ನ ಅಮ್ಮ ತೀರಿಕೊಂಡು ಆಗಲೇ ಹನ್ನೊಂದು ವರ್ಷವಾಗಿತ್ತು. ಹೆಬ್ಬೆಟ್ಟು ಒತ್ತುತ್ತಿದ್ದವಳು. ಮಾವನ ಬೆರಳು ಆ ಸಾಲಿನ ಮೇಲೆಯೇ ನಿಂತಿತು. ಮುಂದೆ ಓದಲಿಲ್ಲ. ಏಸಿಯ ಕಿಂಡಿಯ ಗಾಳಿಗೆ ಕಾಗದದ ಮೂಲೆ ಪಟಪಟ ಬಡಿದುಕೊಳ್ಳತೊಡಗಿತು. ಅವರು ಅದನ್ನು ಇನ್ನೊಂದು ಅಂಗೈಯಿಂದ ಮೆಲ್ಲಗೆ ಒತ್ತಿ ಹಿಡಿದರು.

“ಏಸಿ ಬಂದ್ ಮಾಡು ಮಗಾ,” ಮಾವ ಅಂದರು. “ಕಾಗದ ಹಾರ್ತದೆ.”